‘ಬೇಬಿ ಬೆಂಜ್’ ಮುದಿಯಾದ ಮೇಲೆ

ನಮ್ಮ ಅಜ್ಜನ ಬಾಯಲ್ಲಿ ‘ಬೆಂಜ್’ ಎಂದರೆ ಕಾರಲ್ಲ, ಲಾರಿ. 1954ರಿಂದ ಹದಿನೈದು ವರ್ಷ ಜಮ್ಷೆಡ್‌ಪುರದ ಟೆಲ್ಕೊ ಕಾರ್ಖಾನೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಸಹಯೋಗದಲ್ಲಿ ‘ಟಾಟಾ ಮರ್ಸಿಡಿಸ್ ಬೆಂಜ್’ ಲಾರಿಗಳನ್ನು ತಯಾರಿಸುತ್ತಿತ್ತು. ಕಬ್ಬು, ಭತ್ತ, ಮರಳು ಹೊತ್ತು ಘಟ್ಟ ಹತ್ತುತ್ತಿದ್ದ ಆ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು. ಆ ನಕ್ಷತ್ರ ಶ್ರೀಮಂತಿಕೆಯ ಗುರುತು ಎಂಬುದು ಅಜ್ಜನಿಗೆ ಗೊತ್ತಿರಲಿಲ್ಲ. ‘ಕೆಡದೆ ಓಡುವ ಗಾಡಿ’ ಎಂಬುದಷ್ಟೇ ಗೊತ್ತಿತ್ತು.

ಅದೇ ನಕ್ಷತ್ರ ಹೊತ್ತ ಒಂದು ಪುಟ್ಟ ಕಾರಿನ ಕಥೆ ಇದು. ಹೆಸರು ಮರ್ಸಿಡಿಸ್ ಬೆಂಜ್ 190. ಜರ್ಮನರು ಅದನ್ನು ಮುದ್ದಿನಿಂದ ‘ಬೇಬಿ ಬೆಂಜ್’ ಎಂದು ಕರೆದರು. 1982ರಿಂದ 1993ರವರೆಗೆ ಸುಮಾರು 18 ಲಕ್ಷ 80 ಸಾವಿರ ಕಾರುಗಳು ಕಾರ್ಖಾನೆಯಿಂದ ಹೊರಬಂದವು. ಅವುಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತು ದಾಟಿದೆ. ಆದರೂ ಯುರೋಪಿನಲ್ಲಿ ಅದನ್ನು ದಿನನಿತ್ಯ ಓಡಿಸುವವರಿದ್ದಾರೆ, ಹುಡುಕಿಕೊಂಡು ಹೋಗಿ ಕೊಳ್ಳುವವರೂ ಇದ್ದಾರೆ. ಹೊಸ ಕಾರು ಕೊಳ್ಳಲು ಬ್ಯಾಂಕುಗಳು ಮನೆ ಬಾಗಿಲಿಗೇ ಬಂದು ಸಾಲ ಕೊಡುವ ಕಾಲದಲ್ಲಿ ಹೀಗೇಕೆ? ಒಂದು ಯಂತ್ರದ ಆಯುಸ್ಸನ್ನು ನಿರ್ಧರಿಸಬೇಕಾದವರು ಯಾರು? ತಯಾರಿಸಿದವನೇ, ಇಟ್ಟುಕೊಂಡವನೇ, ಅಥವಾ ಸರ್ಕಾರವೇ? ಬೇಬಿ ಬೆಂಜ್‌ನ ಚರಿತ್ರೆಯನ್ನು ತಿರುವಿ ಹಾಕಿದರೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಎಣ್ಣೆ ಕೊಟ್ಟ ಪೆಟ್ಟು

1970ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಎಂದರೆ ದೊಡ್ಡ ಕಾರು. ವೈದ್ಯರು, ವಕೀಲರು, ಕಾರ್ಖಾನೆಯ ಮಾಲೀಕರು, ಜೊತೆಗೆ ಜರ್ಮನಿಯ ಟ್ಯಾಕ್ಸಿ ಚಾಲಕರು ಅದರ ಗಿರಾಕಿಗಳು. ಚಿಕ್ಕ ಕಾರು ಮಾಡಿದರೆ ಹೆಸರು ಕೆಟ್ಟೀತು ಎಂಬ ಅಳುಕು ಕಂಪೆನಿಯೊಳಗೇ ಇತ್ತು.

ಆ ಅಳುಕನ್ನು ಮುರಿದದ್ದು 1973ರ ತೈಲ ಬಿಕ್ಕಟ್ಟು. ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ಬಿಗಿ ಮಾಡಿದಾಗ ಪಶ್ಚಿಮ ಜರ್ಮನಿ ಆ ಚಳಿಗಾಲದಲ್ಲಿ ಕೆಲವು ಭಾನುವಾರಗಳಂದು ಖಾಸಗಿ ಕಾರುಗಳನ್ನು ರಸ್ತೆಗಿಳಿಸದಂತೆ ನಿಷೇಧಿಸಿತು. ಬಿರುವೇಗದ ಆಟೊಬಾನ್ ಹೆದ್ದಾರಿಗಳ ಮೇಲೆ ಜನ ಸೈಕಲ್ ತುಳಿದರು, ಮಕ್ಕಳನ್ನು ಕರೆದುಕೊಂಡು ವಾಯುವಿಹಾರಕ್ಕೆ ಹೋದರು. ಕಾರನ್ನೇ ದೇವರೆಂದು ನಂಬಿದ್ದ ದೇಶಕ್ಕೆ ಇದು ಸಣ್ಣ ಆಘಾತವಲ್ಲ.

ಎರಡನೇ ಪೆಟ್ಟು ಅಮೆರಿಕದಿಂದ ಬಂತು. ಪ್ರತಿ ತಯಾರಕನೂ ತಾನು ಮಾರುವ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಯನ್ನು ನಿಗದಿತ ಮಿತಿಯೊಳಗೆ ಇಡಬೇಕೆಂಬ ಕಾನೂನು ಅಲ್ಲಿ 1975ರಲ್ಲಿ ಬಂತು. 1978ರ ಮಾದರಿಗಳಿಂದ ಜಾರಿಯಾಯಿತು. ದೊಡ್ಡ ಕಾರುಗಳನ್ನಷ್ಟೇ ಮಾರುವವನಿಗೆ ಇದು ಕಂಟಕ. ಸರಾಸರಿಯನ್ನು ತಗ್ಗಿಸಬೇಕಾದರೆ ಪಟ್ಟಿಯಲ್ಲಿ ಒಂದು ಚಿಕ್ಕ, ಹಗುರ ಕಾರು ಇರಲೇಬೇಕು.

ಮೂರನೇ ಕಾರಣ ನೆರೆಮನೆಯದು. ಮ್ಯೂನಿಕ್ ನಗರದ ಬಿಎಂಡಬ್ಲ್ಯು 1975ರಲ್ಲಿ ‘3 ಸರಣಿ’ಯ ಕಾರನ್ನು ಹೊರತಂದಿತ್ತು. ಗಾತ್ರದಲ್ಲಿ ಚಿಕ್ಕದು, ಬೆಲೆಯಲ್ಲಿ ದೊಡ್ಡದು, ಓಡಿಸಲು ಮಜಾ ಕೊಡುವಂಥದು. ಆಗಷ್ಟೇ ಬಡ್ತಿ ಪಡೆದ ಮಧ್ಯವಯಸ್ಸಿನ ಮ್ಯಾನೇಜರು ಅದನ್ನು ಕೊಳ್ಳುತ್ತಿದ್ದ. ಇಂಥ ಕಾರುಗಳಿಗೆ ಇಂಗ್ಲೆಂಡಿನವರು ಮುಂದೆ ‘ಕಾಂಪ್ಯಾಕ್ಟ್ ಎಕ್ಸಿಕ್ಯುಟಿವ್’ ಎಂಬ ಹೆಸರಿಟ್ಟರು. ಸಾಹೇಬರ ದೊಡ್ಡ ಕಾರಲ್ಲ, ಸಂಸಾರಸ್ಥರ ಅಗ್ಗದ ಕಾರೂ ಅಲ್ಲ; ಎರಡರ ನಡುವಿನ ಮೆಟ್ಟಿಲು.

ಹೀಗೆ ಹುಟ್ಟಿದ ಯೋಜನೆಗೆ ಕಂಪೆನಿಯೊಳಗಿನ ಸಂಕೇತ ‘ಡಬ್ಲ್ಯು 201’. ಕಾರು ಚಿಕ್ಕದಾಗಲಿ, ಆದರೆ ಎಲ್ಲ ರೀತಿಯಿಂದಲೂ ಮರ್ಸಿಡಿಸ್ಸೇ ಆಗಿರಬೇಕು ಎಂಬುದು ಮೊದಲ ದಿನದಿಂದಲೂ ಇದ್ದ ಷರತ್ತು. ಇಟಲಿಯಲ್ಲಿ ಹುಟ್ಟಿದ ಬ್ರೂನೊ ಸಾಕೊ ಅದಕ್ಕೆ ರೂಪ ಕೊಟ್ಟರು. ಗಾಳಿಯನ್ನು ಸೀಳಿಕೊಂಡು ಹೋಗಲು ಅನುಕೂಲವಾಗುವ ಬೆಣೆಯಂಥ ಮುಂಭಾಗ, ತುಸು ಎತ್ತರಿಸಿದ ಡಿಕ್ಕಿ, ನೇರ ಗೆರೆಗಳು. ಉದ್ದ 4.42 ಮೀಟರ್, ದೊಡ್ಡಣ್ಣನಿಗಿಂತ 30 ಸೆಂಟಿಮೀಟರ್ ಕಡಿಮೆ. 1982ರ ಡಿಸೆಂಬರ್ 8ರಂದು ಕಾರು ಜನರೆದುರು ಬಂತು. ಅದೇ ಚಳಿಗಾಲದಲ್ಲಿ ಬಿಎಂಡಬ್ಲ್ಯು ಕೂಡ ತನ್ನ 3 ಸರಣಿಯ ಎರಡನೇ ಪೀಳಿಗೆಯನ್ನು ಬಿಡುಗಡೆ ಮಾಡಿತು. ಅಂದು ಹೂಡಿದ ಪೈಪೋಟಿ ಇಂದಿಗೂ ನಿಂತಿಲ್ಲ.

ಒಂದು ಚಕ್ರ, ಐದು ತೋಳು

ಈ ಕಾರನ್ನು ತಂತ್ರಜ್ಞರು ಇಂದಿಗೂ ನೆನೆಯುವುದು ಅದರ ಹಿಂದಿನ ಚಕ್ರಗಳಿಗಾಗಿ. ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ ಇದು.

ಚಕ್ರವೊಂದನ್ನು ಗಾಳಿಯಲ್ಲಿ ಕೈಯಿಂದ ಹಿಡಿದುಕೊಂಡಿದ್ದೇವೆ ಎಂದುಕೊಳ್ಳಿ. ಅದನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಸಬಹುದು. ಅಲ್ಲದೆ ಮೂರು ದಿಕ್ಕಿನಲ್ಲಿ ತಿರುಚಲೂಬಹುದು. ಒಟ್ಟು ಆರು ಬಗೆಯ ಚಲನೆ. ಕಾರಿಗೆ ಸಿಕ್ಕಿಸಿದ ಚಕ್ರಕ್ಕೆ ಇವುಗಳಲ್ಲಿ ಬೇಕಾದದ್ದು ಒಂದೇ: ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಆಡುವುದು. ಉಳಿದ ಐದನ್ನೂ ಕಟ್ಟಿಹಾಕಬೇಕು.

ಆ ಕಾಲದ ಬಹಳಷ್ಟು ಕಾರುಗಳಲ್ಲಿ ಹಿಂದಿನ ಚಕ್ರವನ್ನು ಒಂದೇ ಒಂದು ದಪ್ಪ ತೋಳು ಹಿಡಿದಿರುತ್ತಿತ್ತು. ವೇಗವಾಗಿ ತಿರುವಿಗೆ ನುಗ್ಗಿದ ಚಾಲಕ ಹೆದರಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರದ ದಿಕ್ಕು ಕೂದಲೆಳೆಯಷ್ಟು ಬದಲಾಗುತ್ತಿತ್ತು. ಮಳೆಯಲ್ಲಿ ಅಷ್ಟೇ ಸಾಕು, ಹಿಂಭಾಗ ಜಾರಿ ಕಾರು ತಿರುಗಿ ನಿಲ್ಲಲು.

ಮರ್ಸಿಡಿಸ್ ಎಂಜಿನಿಯರುಗಳು ಪ್ರತಿ ಹಿಂಚಕ್ರಕ್ಕೂ ಐದು ತೆಳು ತೋಳುಗಳನ್ನು ಕೊಟ್ಟರು. ಒಂದೊಂದು ತೋಳೂ ಒಂದೊಂದು ಬೇಡದ ಚಲನೆಯನ್ನು ತಡೆಯುತ್ತದೆ. ಆರರಲ್ಲಿ ಐದು ಕಳೆದರೆ ಉಳಿಯುವುದು ಬೇಕಾದ ಒಂದೇ ಒಂದು. ಕೇಳಲು ಶಾಲೆಯ ಲೆಕ್ಕದಂತಿದ್ದರೂ ಆ ಐದು ತೋಳುಗಳ ಉದ್ದ, ಕೋನ, ತುದಿಯ ರಬ್ಬರ್ ಬುಷ್‌ಗಳ ಗಡಸುತನ ಹೊಂದಿಸಲು ವರ್ಷಗಳೇ ಹಿಡಿದವು. ಫಲ ಮಾತ್ರ ಸೊಗಸಾಗಿತ್ತು. ಚಿಕ್ಕ ಕಾರು ದೊಡ್ಡ ಕಾರಿನಂತೆ ನೆಲ ಕಚ್ಚಿಕೊಂಡು ಓಡಿತು. ಅಗ್ಗದ ಮಾದರಿಗೆಂದು ಹುಟ್ಟಿದ ಈ ವ್ಯವಸ್ಥೆಯನ್ನು ಕಂಪೆನಿ ಬಳಿಕ ತನ್ನ ದುಬಾರಿ ಕಾರುಗಳಿಗೂ ಅಳವಡಿಸಿತು. ಬೇರೆ ಕಂಪೆನಿಗಳೂ ಅದೇ ಹಾದಿ ಹಿಡಿದವು. ತಮ್ಮನಿಗೆ ಹೊಲಿದ ಅಂಗಿಯನ್ನು ಅಣ್ಣಂದಿರೂ ಬೇಡಿ ತೊಟ್ಟ ಹಾಗೆ.

ಎಂಜಿನಿನ ಕಥೆಯೂ ಹೇಳುವಂಥದೇ. ‘190 ಇ’ ಮಾದರಿಯ ಎರಡು ಲೀಟರ್ ಎಂಜಿನ್ನಿಗೆ 122 ಅಶ್ವಶಕ್ತಿ. ಅದಕ್ಕೆ ಪೆಟ್ರೋಲ್ ಉಣಿಸುತ್ತಿದ್ದುದು ಕಾರ್ಬುರೇಟರ್ ಅಲ್ಲ, ಬಾಷ್ ಕಂಪೆನಿಯ ‘ಕೆಇ-ಜೆಟ್ರಾನಿಕ್’ ಎಂಬ ಇಂಜೆಕ್ಷನ್ ಯಂತ್ರ. ಬಾಷ್ ಎಂದರೆ ಬೆಂಗಳೂರಿನವರಿಗೆ ಹೊಸಬರಲ್ಲ. 1951ರಲ್ಲಿ ಆರಂಭವಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳನ್ನು ತಯಾರಿಸುತ್ತಿದ್ದ ನಮ್ಮ ‘ಮೈಕೋ’ ಅದೇ ಬಾಷ್‌ನ ಕೂಸು. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಬದಲಾಯಿತು. 1983ರಲ್ಲಿ ಬಂದ ಡೀಸೆಲ್ ಮಾದರಿಯಲ್ಲಿ ಎಂಜಿನ್ನಿನ ಸುತ್ತ ಗೂಡು ಕಟ್ಟಿ ಸದ್ದನ್ನು ಅಡಗಿಸಿದ್ದರು. ಗಡಗಡ ಎನ್ನುವುದೇ ಡೀಸೆಲ್ಲಿನ ಧರ್ಮ ಎಂದು ನಂಬಿದ್ದ ಜನ ಇದಕ್ಕೆ ‘ಪಿಸುಮಾತಿನ ಡೀಸೆಲ್’ ಎಂದು ಅಡ್ಡಹೆಸರಿಟ್ಟರು.

ಬ್ರೆಮೆನ್ ಊರಿನ ಮರುಹುಟ್ಟು

ಕಾರಿನ ಚರಿತ್ರೆಯಲ್ಲಿ ಕಾರ್ಮಿಕರ ಪಾಲನ್ನು ಬರೆಯುವವರು ಕಡಿಮೆ. ಬೇಬಿ ಬೆಂಜ್ ಮೊದಲು ಸ್ಟುಟ್‌ಗಾರ್ಟ್ ಸಮೀಪದ ಸಿಂಡೆಲ್‌ಫಿಂಗೆನ್‌ನಲ್ಲಿ ತಯಾರಾಗುತ್ತಿತ್ತು. 1983ರ ಕೊನೆಯಿಂದ ಉತ್ತರದ ಬಂದರು ನಗರ ಬ್ರೆಮೆನ್‌ನಲ್ಲೂ ತಯಾರಾಗತೊಡಗಿತು.

ಬ್ರೆಮೆನ್‌ನ ಆ ಜಾಗ ಸಾಮಾನ್ಯದ್ದಲ್ಲ. ಅದು ಹಿಂದೆ ಬೋರ್ಗ್‌ವಾರ್ಡ್ ಎಂಬ ಕಂಪೆನಿಯ ಕಾರ್ಖಾನೆ. 1950ರ ದಶಕದಲ್ಲಿ ಬೋರ್ಗ್‌ವಾರ್ಡ್ ತಯಾರಿಸಿದ ‘ಇಸಬೆಲ್ಲಾ’ ಕಾರು ಇದೇ ನಡುಮೆಟ್ಟಿಲಿನದು; ಮೇಲೇರುತ್ತಿದ್ದ ಜರ್ಮನ್ ಮಧ್ಯಮವರ್ಗದ ಕನಸು. 1961ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ ಆ ಕಂಪೆನಿ ಮುಳುಗಿತು. ಸಾವಿರಾರು ಜನರ ಕೆಲಸ ಹೋಯಿತು. ಸುಮಾರು ಎರಡು ದಶಕಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಅಂಥದೇ ಒಂದು ಕಾರು ಸಾಲಾಗಿ ಹೊರಬರತೊಡಗಿದಾಗ ಊರಿನ ಹಳಬರಿಗೆ ಹೇಗನ್ನಿಸಿರಬೇಕು ಎಂಬುದನ್ನು ಊಹಿಸಬಹುದು. ಕಾರ್ಖಾನೆ ಮುಚ್ಚಿದ ಊರಿನ ಸಂಕಟ ಕೋಲಾರದ ಚಿನ್ನದ ಗಣಿಯ ನೆರಳಲ್ಲಿ ಬೆಳೆದವರಿಗೆ ವಿವರಿಸಿ ಹೇಳಬೇಕಿಲ್ಲ.

ಓಟದ ಕಣದಲ್ಲಿ

‘ಚಿಕ್ಕದು, ಆದ್ದರಿಂದ ಸಪ್ಪೆ’ ಎಂಬ ಟೀಕೆಗೆ ಕಂಪೆನಿ ಮೈದಾನದಲ್ಲೇ ಉತ್ತರ ಕೊಟ್ಟಿತು. ಇಂಗ್ಲೆಂಡಿನ ಕಾಸ್‌ವರ್ತ್ ಸಂಸ್ಥೆಯ ನೆರವಿನಿಂದ ಹದಿನಾರು ವಾಲ್ವುಗಳ ಎಂಜಿನ್ ತಯಾರಾಯಿತು. 1983ರ ಆಗಸ್ಟ್‌ನಲ್ಲಿ ಅಂಥ ಮೂರು ಕಾರುಗಳನ್ನು ದಕ್ಷಿಣ ಇಟಲಿಯ ನಾರ್ಡೊ ಎಂಬಲ್ಲಿನ 12.6 ಕಿ.ಮೀ. ಸುತ್ತಳತೆಯ ವೃತ್ತಾಕಾರದ ರಸ್ತೆಗೆ ಇಳಿಸಿದರು. ಹಗಲು ರಾತ್ರಿ ಎನ್ನದೆ ಚಾಲಕರು ಪಾಳಿಯ ಮೇಲೆ ಓಡಿಸಿದರು. 201 ಗಂಟೆ 39 ನಿಮಿಷಗಳಲ್ಲಿ 50,000 ಕಿ.ಮೀ. ಪೂರೈಸಿತು. ಭೂಮಿಯನ್ನು ಒಂದು ಸುತ್ತು ಹಾಕಿ ಕಾಲು ಭಾಗ ಹೆಚ್ಚು! ಎಣ್ಣೆ ತುಂಬಿಸಲು, ಟೈರು ಬದಲಿಸಲು ನಿಂತದ್ದೂ ಸೇರಿ ಸರಾಸರಿ ವೇಗ ಗಂಟೆಗೆ ಸುಮಾರು 248 ಕಿ.ಮೀ.

ಮರುವರ್ಷ ಮೇ 12ರಂದು ನ್ಯೂರ್ಬರ್ಗ್‌ರಿಂಗ್‌ನ ಹೊಸ ಓಟದ ಪಥದ ಉದ್ಘಾಟನೆ. ಹೆಸರಾಂತ ಚಾಲಕರಿಗೆ ಒಂದೇ ಬಗೆಯ 190 ಕಾರುಗಳನ್ನು ಕೊಟ್ಟು ಪಂದ್ಯ ನಡೆಸಿದರು. ಕಾರು ಒಂದೇ ಆದಾಗ ಗೆಲ್ಲುವುದು ಕೈಚಳಕ. ಗೆದ್ದವನು ಆ ವರ್ಷವಷ್ಟೇ ಫಾರ್ಮುಲಾ ಒನ್‌ಗೆ ಕಾಲಿಟ್ಟಿದ್ದ 24ರ ಬ್ರೆಜಿಲ್ ಯುವಕ. ಎರಡನೆಯವರಾಗಿ ಬಂದವರು ಸಾಕ್ಷಾತ್ ನಿಕಿ ಲೌಡಾ. ಆ ಯುವಕನ ಹೆಸರು ಅಯರ್ಟನ್ ಸೆನ್ನಾ. ಹತ್ತು ವರ್ಷಗಳ ಬಳಿಕ ಇಟಲಿಯ ಇಮೋಲಾದಲ್ಲಿ ಅಪಘಾತಕ್ಕೆ ಬಲಿಯಾಗುವ ಹೊತ್ತಿಗೆ ಆತ ಮೂರು ಬಾರಿಯ ವಿಶ್ವ ಚಾಂಪಿಯನ್.

1992ರಲ್ಲಿ ಜರ್ಮನಿಯ ಟೂರಿಂಗ್ ಕಾರು ಪಂದ್ಯಾವಳಿಯನ್ನು ಕ್ಲಾಸ್ ಲುಡ್‌ವಿಗ್ ಇದೇ ಕಾರಿನಲ್ಲಿ ಗೆದ್ದರು. ಅದೇ ವರ್ಷ ಹೊಕೆನ್‌ಹೈಮ್‌ನಲ್ಲಿ ಎಲೆನ್ ಲೋರ್ ಒಂದು ಓಟ ಗೆದ್ದು, ಆ ಪಂದ್ಯಾವಳಿಯಲ್ಲಿ ಗೆದ್ದ ಮೊದಲ ಮಹಿಳೆ ಎನಿಸಿದರು. ಆಕೆ ಓಡಿಸಿದ್ದೂ 190. ಓಟಕ್ಕೆ ಅರ್ಹತೆ ಪಡೆಯಲೆಂದು 1990ರಲ್ಲಿ ತಯಾರಿಸಿದ, ಬೆನ್ನ ಮೇಲೆ ದೊಡ್ಡ ರೆಕ್ಕೆ ಹೊತ್ತ ‘ಎವಲ್ಯೂಷನ್ 2’ ಮಾದರಿಯ ಕಾರುಗಳು ಕೇವಲ 502. ಅವು ಇಂದು ಸಂಗ್ರಾಹಕರ ಪಾಲಿನ ಬಂಗಾರ.

ಆದರೆ ನಮ್ಮ ಲೇಖನದ ನಾಯಕ ಆ ರೆಕ್ಕೆಯ ಕಾರಲ್ಲ. ಆಫೀಸಿಗೆ ಹೋಗಿ ಬಂದು, ಮಕ್ಕಳನ್ನು ಶಾಲೆಗೆ ಬಿಟ್ಟು, ಮುಂಜಾನೆಯ ಹಿಮದಲ್ಲಿ ಬೀದಿಬದಿ ನಿಂತು ಮುದಿಯಾದ ಮಾಮೂಲಿ 190.

ಇಟ್ಟುಕೊಂಡವರ ಪಾಡು

ಇಂಥ ಒಂದು ಕಾರನ್ನು ಈಗ ಕೊಳ್ಳಲು ಹೊರಟವನು ಮೊದಲು ಮಾಡಬೇಕಾದದ್ದು ಮಂಡಿಯೂರಿ ಕೂರುವುದು. ಕಾರಣ ತುಕ್ಕು. ಜರ್ಮನಿಯಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಹೊಕ್ಕು ಒಳಗಿಂದಲೇ ತಿನ್ನುತ್ತದೆ. 1988ರ ನಂತರದ ಕಾರುಗಳಿಗೆ ಪಕ್ಕದಲ್ಲಿ ಪ್ಲಾಸ್ಟಿಕ್ ಹಲಗೆ ಅಂಟಿಸಿದ್ದಾರೆ. ಶಿಲ್ಪಿಯ ಹೆಸರಿನಿಂದ ಅವನ್ನು ‘ಸಾಕೊ ಹಲಗೆ’ ಎಂದೇ ಕರೆಯುತ್ತಾರೆ. ನೋಡಲು ಚೆಂದ. ಆದರೆ ಅದರ ಹಿಂದೆ, ಜ್ಯಾಕ್ ಕೊಡುವ ಜಾಗದಲ್ಲಿ, ತಗಡು ಹಪ್ಪಳವಾಗಿದ್ದರೂ ಹೊರಗಿನಿಂದ ಕಾಣಿಸುವುದಿಲ್ಲ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಮೈ ಕೊಳೆತರೆ ಕಷ್ಟ ಎಂಬುದು ಹಳೇ ಕಾರಿನವರ ಮೊದಲ ಪಾಠ.

ಎರಡನೆಯದು ಬುಷ್‌ಗಳು. ಹಿಂದೆ ಹೊಗಳಿದ ಆ ಐದು ತೋಳುಗಳ ಎರಡೂ ತುದಿಗೆ ರಬ್ಬರು ಇದೆ. ಮೂವತ್ತು ವರ್ಷಕ್ಕೆ ರಬ್ಬರು ಬಿರಿಯುತ್ತದೆ. ಆಗ ಕಾರು ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯತೊಡಗುತ್ತದೆ; ಹಿಂದಿನ ಟೈರು ಒಳಬದಿಯಲ್ಲಿ ಸವೆಯುತ್ತದೆ. ಎಷ್ಟೋ ಜನ ‘ಹಳೇ ಕಾರು, ಇಷ್ಟೇ’ ಎಂದು ಕೈಚೆಲ್ಲುತ್ತಾರೆ. ತೋಳುಗಳನ್ನು ಬದಲಿಸಿದ ಮರುದಿನ ಅದೇ ಕಾರು ಹರೆಯ ಬಂದಂತೆ ಓಡುತ್ತದೆ. ಕೆಟ್ಟಿದ್ದು ಕಾರಲ್ಲ, ಅಂಗೈಯಗಲದ ರಬ್ಬರು.

ಮೂರನೆಯದು ಇನ್ನೂ ಸ್ವಾರಸ್ಯದ್ದು. ಬ್ಯಾಟರಿಯ ಹಿಂದೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ರಿಲೇ ಇದೆ. ಹೆಚ್ಚು ವೋಲ್ಟೇಜ್ ಬಂದು ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗದಂತೆ ಕಾಯುವುದು ಅದರ ಕೆಲಸ. ವರ್ಷಗಳ ಮೇಲೆ ಅದರೊಳಗಿನ ಬೆಸುಗೆ ಸೀಳು ಬಿಡುತ್ತದೆ. ಆಗ ಎಂಜಿನ್ ನಿಂತಲ್ಲೇ ನಡುಗುತ್ತದೆ, ಎಬಿಎಸ್ ಇರುವ ಕಾರಿನಲ್ಲಿ ಅದರ ದೀಪ ಹೊತ್ತಿಕೊಳ್ಳುತ್ತದೆ. ತಿಳಿಯದ ಮೆಕ್ಯಾನಿಕ್ಕು ಇಂಜೆಕ್ಷನ್ ಯಂತ್ರವನ್ನೇ ಬಿಚ್ಚಿ ಹರವುತ್ತಾನೆ; ತಿಳಿದವನು ಮೊದಲು ರಿಲೇ ಬದಲಿಸಿ ನೋಡುತ್ತಾನೆ. ಹಳೆಯ ಕಾರಿನ ಖರ್ಚು ಕಾರಿಗಿಂತ ಹೆಚ್ಚಾಗಿ ಮೆಕ್ಯಾನಿಕ್ಕಿನ ಅನುಭವದ ಮೇಲೆ ನಿಂತಿದೆ ಎನ್ನುವುದು ಇದಕ್ಕೇ. ಈ ಮಾತು ಸ್ಟುಟ್‌ಗಾರ್ಟಿಗೂ ಸತ್ಯ, ಶಿವಮೊಗ್ಗಕ್ಕೂ ಸತ್ಯ.

ಓಡಿಸುವ ಅನುಭವವೋ? ಬಾಗಿಲು ಹಾಕಿದರೆ ತಿಜೋರಿಯ ಬಾಗಿಲಿನ ಸದ್ದು. ಸ್ಟೀರಿಂಗ್ ಚಕ್ರ ದೊಡ್ಡದು. ನಡುವಿನಲ್ಲಿ ತುಸು ಸಡಿಲ, ಆದರೆ ದೂರ ಪ್ರಯಾಣದಲ್ಲಿ ತೋಳು ನೋಯದು. ಆಕ್ಸಿಲರೇಟರ್ ಗಡಸು, ಆತುರಗಾರರಿಗೆ ಹೇಳಿಸಿದ್ದಲ್ಲ. ಆಟೊಮ್ಯಾಟಿಕ್ ಗೇರಿನ ಕಾರು ಮೆಲ್ಲಗೆ ಒತ್ತಿದರೆ ಎರಡನೇ ಗೇರಿನಲ್ಲೇ ಹೊರಡುತ್ತದೆ, ಜೋರಾಗಿ ತುಳಿದರೆ ಮಾತ್ರ ಒಂದನೆಯದಕ್ಕೆ ಇಳಿಯುತ್ತದೆ. ಮುಂಗಾಜಿಗೆ ಒಂದೇ ಒಂದು ವೈಪರ್. ಮೂತಿಯ ತುದಿಯಲ್ಲಿ ಆ ನಕ್ಷತ್ರ. ಇಕ್ಕಟ್ಟಿನ ಗಲ್ಲಿಯಲ್ಲಿ ಕಾರಿನ ಅಂಚು ಎಲ್ಲಿದೆ ಎಂದು ತಿಳಿಯಲು ಅದೇ ಗುರಿ. ಹೊಸ ಕಾರುಗಳಲ್ಲಿ ಹತ್ತು ಬಗೆಯ ಗಂಟೆಗಳು ಬಡಿದುಕೊಳ್ಳುವಲ್ಲಿ ಇಲ್ಲಿ ಚಾಲಕನಿಗೆ ಬುದ್ಧಿ ಹೇಳುವುದು ಒಂದು ಮುಳ್ಳು ಮಾತ್ರ: ಕಾಲು ಹೆಚ್ಚು ಒತ್ತಿದರೆ ‘ಎಣ್ಣೆ ದಂಡ’ ಎಂದು ತೋರಿಸುವ ಉಳಿತಾಯದ ಮಾಪಕ. 1973ರ ಹೆದರಿಕೆಯ ಗುರುತು ಅದು.

ಕೊರತೆಗಳೂ ಉಂಟು. ಹಿಂದಿನ ಸೀಟು ಇಕ್ಕಟ್ಟು. ಎತ್ತರದವರ ಮಂಡಿ ಮುಂದಿನ ಸೀಟಿಗೆ ತಗಲುತ್ತದೆ. ಆರಂಭದ ಅಗ್ಗದ ಮಾದರಿಗೆ ಎಡಬಲ ಎರಡು ಕನ್ನಡಿ ಕೂಡ ಇರಲಿಲ್ಲ, ಒಂದಕ್ಕೆ ಪ್ರತ್ಯೇಕ ಹಣ ಕೊಡಬೇಕಿತ್ತು. ಏರ್‌ಬ್ಯಾಗ್ ಎಲ್ಲ ಕಾರಿನಲ್ಲೂ ಇಲ್ಲ. ಇಂದಿನ ಕಾರಿಗೆ ಮುಖಾಮುಖಿ ಡಿಕ್ಕಿಯಾದರೆ ಗೆಲ್ಲುವುದು ಇಂದಿನದೇ. ಹಳೆಯದೆಲ್ಲ ಹೊನ್ನು ಎನ್ನುವವರು ಇದನ್ನು ಮರೆಯಬಾರದು.

ಗುಜರಿಗೆ ಬಹುಮಾನ, ಮುಪ್ಪಿಗೆ ಪದಕ

2008ರ ಕೊನೆಗೆ ಜಗತ್ತಿನ ಹಣಕಾಸು ವ್ಯವಸ್ಥೆ ಕುಸಿದಾಗ ಜರ್ಮನಿಯಲ್ಲಿ ಕಾರುಗಳ ಮಾರಾಟವೂ ಬಿತ್ತು. ಕಾರ್ಖಾನೆಗಳನ್ನು ಉಳಿಸಲು ಸರ್ಕಾರ 2009ರಲ್ಲಿ ಒಂದು ಉಪಾಯ ಹೂಡಿತು. ಒಂಬತ್ತು ವರ್ಷ ಮೀರಿದ ಕಾರನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುವವರಿಗೆ 2,500 ಯೂರೊ ಬಹುಮಾನ. ಮೊದಲು 150 ಕೋಟಿ ಯೂರೊ ತೆಗೆದಿಟ್ಟಿದ್ದರು. ಜನ ಮುಗಿಬಿದ್ದುದರಿಂದ ಅದನ್ನು 500 ಕೋಟಿಗೆ ಏರಿಸಬೇಕಾಯಿತು. ಸೆಪ್ಟೆಂಬರ್ ಆರಂಭಕ್ಕೆ ಆ ಹಣವೂ ಖಾಲಿ. ಸುಮಾರು 20 ಲಕ್ಷ ಕಾರುಗಳು ಹೀಗೆ ಗುಜರಿ ಸೇರಿದವು.

ಆಗ ಕೊನೆಯ ಬೇಬಿ ಬೆಂಜ್‌ಗೆ ಹದಿನಾರು ವರ್ಷ. ಮಾರುಕಟ್ಟೆಯಲ್ಲಿ ಅದಕ್ಕೆ ಸಿಗುತ್ತಿದ್ದ ಬೆಲೆಗಿಂತ ಬಹುಮಾನದ ಹಣವೇ ಎಷ್ಟೋ ವೇಳೆ ದೊಡ್ಡದು. ಸಣ್ಣ ದುರಸ್ತಿಯಿಂದ ಇನ್ನೂ ಹತ್ತು ವರ್ಷ ಓಡಬಹುದಾಗಿದ್ದ ಕಾರುಗಳೂ ಜಜ್ಜಿಹೋದವು. ಕಾರ್ಖಾನೆಯ ಕಾರ್ಮಿಕನ ಕೆಲಸ ಉಳಿಯಿತು, ನಿಜ. ಬ್ರೆಮೆನ್ ಊರಿನ ಕಥೆ ಓದಿದ ಮೇಲೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಒಂದು ಕೈಯ ಅನ್ನಕ್ಕಾಗಿ ಇನ್ನೊಂದು ಕೈ ಮಾಡಿದ ಕೆಲಸವನ್ನು ಪುಡಿಗಟ್ಟಬೇಕಾಯಿತಲ್ಲ ಎಂಬ ವಿಷಾದವೂ ಸುಳ್ಳಲ್ಲ.

ವಿಚಿತ್ರವೆಂದರೆ, ಹಳೆಯ ಕಾರನ್ನು ಗೌರವಿಸುವ ಕಾನೂನು ಅದೇ ದೇಶದಲ್ಲಿ ಅಷ್ಟು ಹೊತ್ತಿಗೆ ಇತ್ತು. 1997ರಿಂದ ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿದ, ಮೂಲರೂಪ ಉಳಿಸಿಕೊಂಡ, ಸುಸ್ಥಿತಿಯಲ್ಲಿರುವ ವಾಹನಕ್ಕೆ ನಂಬರ್ ಪ್ಲೇಟಿನ ಕೊನೆಯಲ್ಲಿ ‘ಎಚ್’ ಅಕ್ಷರ ಕೊಡುತ್ತಾರೆ. ‘ಐತಿಹಾಸಿಕ’ ಎಂದು ಅರ್ಥ. ತಜ್ಞರು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಎಂಜಿನ್ ಎಷ್ಟೇ ದೊಡ್ಡದಿರಲಿ, ಅಂಥ ಕಾರಿಗೆ ವರ್ಷದ ತೆರಿಗೆ 191.73 ಯೂರೊ ಮಾತ್ರ. ಹೊಗೆಯ ಕಾರಣಕ್ಕೆ 2008ರಿಂದ ಹಳೆಯ ವಾಹನಗಳನ್ನು ತಡೆದ ನಗರಗಳೊಳಗೂ ಅದಕ್ಕೆ ಪ್ರವೇಶ ಉಂಟು. ಮೊದಲ ಬೇಬಿ ಬೆಂಜ್‌ಗಳು 2012ರ ಕೊನೆಗೆ, ಕೊನೆಯವು 2023ಕ್ಕೆ ಈ ಗೌರವಕ್ಕೆ ಅರ್ಹವಾದವು. ಹದಿನಾರರಲ್ಲಿ ಗುಜರಿ, ಮೂವತ್ತರಲ್ಲಿ ಪದಕ! ನಡುವಿನ ಹದಿನಾಲ್ಕು ವರ್ಷ ಕಾರನ್ನು ಕಾಪಾಡಿದ್ದು ಸರ್ಕಾರವಲ್ಲ, ಕಂಪೆನಿಯೂ ಅಲ್ಲ. ಬಿಡಲೊಲ್ಲದ ಮಾಲೀಕ ಮತ್ತು ಕೈಗೆ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್.

ಇನ್ನಷ್ಟು ಕಾರುಗಳು ದೇಶ ಬಿಟ್ಟವು. ಕಮ್ಯುನಿಸ್ಟ್ ಆಡಳಿತವಿದ್ದಷ್ಟು ಕಾಲ ಅಲ್ಬೇನಿಯಾದಲ್ಲಿ ಸಾಮಾನ್ಯರು ಖಾಸಗಿ ಕಾರು ಇಟ್ಟುಕೊಳ್ಳುವಂತಿರಲಿಲ್ಲ. 1991ರಲ್ಲಿ ಬಾಗಿಲು ತೆರೆದ ಮೇಲೆ ಅಲ್ಲಿನ ಹಾಳು ರಸ್ತೆಗಳನ್ನು ತುಂಬಿದ್ದು ಜರ್ಮನಿಯ ಹಳೆಯ ಮರ್ಸಿಡಿಸ್‌ಗಳು. ಮೊರಾಕ್ಕೊದಲ್ಲಿ, ಪಶ್ಚಿಮ ಆಫ್ರಿಕದಲ್ಲಿ ಅವು ಟ್ಯಾಕ್ಸಿಗಳಾಗಿ ದಶಕಗಟ್ಟಲೆ ದುಡಿದವು. ಒಂದು ನಾಡು ಸಾಕೆಂದದ್ದು ಇನ್ನೊಂದು ನಾಡಿಗೆ ಬದುಕಾಯಿತು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1992ರಲ್ಲಿ ಬಾಲ್ಟಿಕ್ ಸಮುದ್ರದ ರ‍್ಯೂಗೆನ್ ದ್ವೀಪದಲ್ಲಿ ಜರ್ಮನಿ ವಿದ್ಯುತ್ ವಾಹನಗಳ ದೊಡ್ಡ ಪ್ರಯೋಗ ಆರಂಭಿಸಿತು. ನಾಲ್ಕು ವರ್ಷ ನಡೆದ ಆ ಪ್ರಯೋಗದಲ್ಲಿ ಬ್ಯಾಟರಿಯಿಂದ ಓಡುವ ಬೇಬಿ ಬೆಂಜ್‌ಗಳೂ ಇದ್ದವು. ಇಂದು ‘ಹೊಸ ಯುಗ’ ಎಂದು ಕರೆಯುವ ತಂತ್ರವನ್ನು ಈ ‘ಹಳೆಯ’ ಕಾರು ಮೂವತ್ತು ವರ್ಷಗಳ ಹಿಂದೆಯೇ ಹೊತ್ತು ನೋಡಿತ್ತು.

ನಮ್ಮ ಅಂಗಳದಲ್ಲಿ

ಭಾರತಕ್ಕೆ ಬೇಬಿ ಬೆಂಜ್ ಅಧಿಕೃತವಾಗಿ ಬರಲೇ ಇಲ್ಲ. 1995ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದದ್ದು ಅದರ ದೊಡ್ಡಣ್ಣನದು. ಮರುವರ್ಷ ಬೆಂಗಳೂರಿನಲ್ಲಿ ಆ ಕಂಪೆನಿಯ ಸಂಶೋಧನಾ ಕೇಂದ್ರ ತೆರೆಯಿತು. ಇಂದು ಸ್ಟುಟ್‌ಗಾರ್ಟಿನ ಕಾರುಗಳಿಗೆ ಬೇಕಾದ ಎಷ್ಟೋ ಲೆಕ್ಕಾಚಾರ, ತಂತ್ರಾಂಶ ಇಲ್ಲಿಯೇ ತಯಾರಾಗುತ್ತವೆ. ಅಂದು ಲಾರಿಯ ಮೂತಿಯ ಮೇಲೆ ನಕ್ಷತ್ರ ಕಂಡವರ ಮೊಮ್ಮಕ್ಕಳು ಇಂದು ಅದೇ ನಕ್ಷತ್ರದ ಕಾರಿಗೆ ಬುದ್ಧಿ ಬರೆಯುತ್ತಿದ್ದಾರೆ.

ಆದರೆ ಹಳೆಯ ವಾಹನದ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಬಳಿಕ ಆರ್‌ಟಿಒ ಕಚೇರಿಯಲ್ಲಿ ಪರೀಕ್ಷೆಗೊಡ್ಡಿ ನವೀಕರಿಸಿಕೊಳ್ಳಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳನ್ನು ತಡೆಯುವ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಅಂಥ ವಾಹನಗಳಿಗೆ ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕದಂತೆ ಮಾಡಲು ಹೊರಟಾಗ ಜನರಿಂದ ತೀವ್ರ ವಿರೋಧ ಬಂದು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಇನ್ನೊಂದೆಡೆ 2021ರಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ಮೀರಿದ ವಾಹನಕ್ಕೆ ‘ವಿಂಟೇಜ್’ ಪಟ್ಟ. ಅದಕ್ಕೆ ‘ವಿಎ’ ಅಕ್ಷರಗಳ ವಿಶೇಷ ನಂಬರು. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಹದಿನೈದರಿಂದ ಐವತ್ತರವರೆಗೆ ಮೂವತ್ತೈದು ವರ್ಷ. ಜರ್ಮನಿಯ ಮಾಲೀಕನ ವನವಾಸಕ್ಕಿಂತ ನಮ್ಮದು ಎರಡೂವರೆ ಪಟ್ಟು ದೀರ್ಘ.

ಗಾಳಿ ಕೆಟ್ಟಿರುವುದು ಸುಳ್ಳಲ್ಲ. ಮಕ್ಕಳ ಶ್ವಾಸಕೋಶಕ್ಕಿಂತ ಯಾರ ಕಾರೂ ದೊಡ್ಡದಲ್ಲ. ಹೊಗೆ ಕಾರುವ ವಾಹನ ರಸ್ತೆ ಬಿಡಲೇಬೇಕು. ಆದರೆ ಹೊಗೆಯನ್ನು ಅಳೆಯಬೇಕಾದದ್ದು ಹೊಗೆಯ ಕೊಳವೆಯಲ್ಲೋ, ಆರ್‌ಸಿ ಪುಸ್ತಕದ ತಾರೀಖಿನಲ್ಲೋ? ಚೆನ್ನಾಗಿ ನೋಡಿಕೊಂಡು ತಿಂಗಳಿಗೆ ನೂರು ಕಿ.ಮೀ. ಓಡುವ ಹಳೆಯ ಕಾರನ್ನೂ, ದಿನಕ್ಕೆ ನೂರು ಕಿ.ಮೀ. ಓಡಿ ಸರ್ವಿಸು ಕಾಣದ ಆರು ವರ್ಷದ ಕಾರನ್ನೂ ವಯಸ್ಸಿನ ಒಂದೇ ತಕ್ಕಡಿಯಲ್ಲಿ ತೂಗಿದರೆ ನ್ಯಾಯವಾದೀತೇ? ಹೊಸ ಕಾರಿನ ಉಕ್ಕು, ಗಾಜು, ಬ್ಯಾಟರಿ ತಯಾರಿಸಲು ಖರ್ಚಾಗುವ ಶಕ್ತಿಯ ಲೆಕ್ಕವನ್ನೂ ಇಡಬೇಕಲ್ಲವೇ? 2021ರ ಗುಜರಿ ನೀತಿಯೇನೋ ವಯಸ್ಸಿಗಿಂತ ಸುಸ್ಥಿತಿಯ ಪರೀಕ್ಷೆಗೆ ಒತ್ತು ಕೊಡುವ ಮಾತನಾಡುತ್ತದೆ. ಅದಕ್ಕೆ ಬೇಕಾದದ್ದು ನಂಬಬಹುದಾದ ಪರೀಕ್ಷಾ ಕೇಂದ್ರಗಳು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಟ್ಟುನಿಟ್ಟಿನ ತಪಾಸಣೆ ಅಲ್ಲಿನ ಹಳೆಯ ಕಾರುಗಳ ಶತ್ರುವಲ್ಲ, ಅವುಗಳಿಗೆ ಆಯುಸ್ಸು ಕೊಟ್ಟ ವೈದ್ಯ.

ನಮ್ಮ ಮನೆಯಲ್ಲೂ ಒಂದು ಹಳೆಯ ಕಾರಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಗುಜರಿಯವನು ಬಂದು ಕಟ್ಟಿ ಎಳೆದುಕೊಂಡು ಹೋದ. ತೂಕದ ಲೆಕ್ಕದಲ್ಲಿ ಹಣ ಕೊಟ್ಟ. ಅಪ್ಪ ಮಾತಾಡಲಿಲ್ಲ. ಕೆಲವು ದಿನಗಳ ಮೇಲೆ ಪರಿಚಯದ ಮೇಸ್ತ್ರಿಯೊಬ್ಬರು ಸಿಕ್ಕಿ, ‘ಅದಕ್ಕೇನಾಗಿತ್ತು ಸಾರ್? ಹೆಡ್ ಗ್ಯಾಸ್ಕೆಟ್ ಹೋಗಿತ್ತು ಅಷ್ಟೇ’ ಎಂದರಂತೆ. ಅಪ್ಪ ಆ ಮಾತನ್ನು ಇವತ್ತಿಗೂ ಹೇಳುತ್ತಾರೆ.

ಬೇಬಿ ಬೆಂಜ್‌ನ ಚರಿತ್ರೆ ಕೊನೆಗೆ ಹೇಳುವುದೂ ಅಷ್ಟೇ. ದುರಸ್ತಿ ಮಾಡಬಹುದೆಂದು ನಂಬಿ ತಯಾರಿಸಿದ ವಸ್ತು, ದುರಸ್ತಿ ಮಾಡಬಲ್ಲ ಕೈ, ದುರಸ್ತಿಗೆ ಅವಕಾಶ ಕೊಡುವ ಕಾನೂನು, ಈ ಮೂರೂ ಕೂಡಿದರೆ ಯಂತ್ರ ನಾವು ಅಂದುಕೊಂಡದ್ದಕ್ಕಿಂತ ಬಹುಕಾಲ ಬಾಳುತ್ತದೆ. ಅಜ್ಜನಿಗೆ ಗೊತ್ತಿದ್ದುದು ಅದೊಂದೇ ಗುಣ. ಕಾರನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.